ಭಾನುವಾರವೂ ಬಸ್ಸು ಬೇಕು

ರಾಯಚೂರು, ವಿಜಯಪುರ, ಹಾವೇರಿ ಕಡೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಹುಡುಗ ಹುಡುಗಿಯರು ಭಾನುವಾರ ಬೆಳಗಿನ ಜಾವ ಐದರ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ನಲ್ಲಿಯಲ್ಲಿ ಮುಖ ತೊಳೆದು, ಟೀ ಕುಡಿದು, ಪ್ಲಾಸ್ಟಿಕ್ ಕವರಿನಿಂದ ಹಾಲ್ ಟಿಕೆಟ್ ತೆಗೆದು ಪರೀಕ್ಷಾ ಕೇಂದ್ರದ ವಿಳಾಸವನ್ನು ಮತ್ತೊಮ್ಮೆ ಓದಿಕೊಳ್ಳುತ್ತಾರೆ. ಕೆಪಿಎಸ್‌ಸಿ ಇರಲಿ, ಪೊಲೀಸ್ ನೇಮಕಾತಿ ಇರಲಿ, ಲಿಖಿತ ಪರೀಕ್ಷೆ ನಡೆಯುವುದು ಹೆಚ್ಚಾಗಿ ಭಾನುವಾರವೇ. ಶಾಲೆ ಕಾಲೇಜುಗಳ ಕೊಠಡಿ ಖಾಲಿ ಸಿಗುವುದು ಅಂದು ತಾನೆ? ಕೇಂದ್ರ ಯಲಹಂಕ ಉಪನಗರದ ಆಚೆಗೋ ಸರ್ಜಾಪುರ ರಸ್ತೆಯ ಒಳಗಿನ ಯಾವುದೋ ಕಾಲೇಜಿನಲ್ಲೋ ಇರುತ್ತದೆ. ಗೇಟು ಮುಚ್ಚುವ ಸಮಯವನ್ನು ಹಾಲ್ ಟಿಕೆಟ್ಟಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಅಷ್ಟರೊಳಗೆ ತಲುಪಿಸುವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಎಷ್ಟಕ್ಕೆ ಹೊರಡುತ್ತದೆ ಎಂಬುದನ್ನು ಮಾತ್ರ ಅವರಿವರನ್ನು ಕೇಳಿಯೇ ತಿಳಿಯಬೇಕು. ಮೆಟ್ರೊ ಹತ್ತೋಣವೆಂದರೆ, ಬೇರೆ ದಿನ ಐದಕ್ಕೇ ಶುರುವಾಗುವ ರೈಲು ಭಾನುವಾರ ಏಳಕ್ಕೆ ಶುರು.

ದೊಡ್ಡ ಓಟದ ಸ್ಪರ್ಧೆ ಇರುವ ಭಾನುವಾರ ಮೆಟ್ರೊ ನಸುಕಿಗೇ ಹೊರಡುತ್ತದೆ. ಕೆಲವು ಪರೀಕ್ಷೆಗಳ ದಿನವೂ ಬೇಗ ಓಡಿಸಿದ್ದುಂಟು. ವಾರಾಂತ್ಯಕ್ಕೆ ಊರಿಗೆ ಹೋಗಿ ಮರಳುವವರ ಅನುಕೂಲಕ್ಕೆಂದು 2025ರ ಜನವರಿಯಿಂದ ಸೋಮವಾರದ ಮೊದಲ ರೈಲನ್ನು ಬೆಳಗಿನ ಜಾವ 4.15ಕ್ಕೆ ತಂದಿದ್ದಾರೆ. ಅದು ಒಳ್ಳೆಯ ಕೆಲಸ. ಜನ ಯಾವಾಗ ಓಡಾಡುತ್ತಾರೆ ಎಂದು ನೋಡಿ ವೇಳೆ ನಿಗದಿ ಮಾಡಲು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗೆ ನೋಡುವ ಕೆಲಸವನ್ನು ಭಾನುವಾರದ ಬಸ್ಸಿನ ವಿಷಯದಲ್ಲಿ ನಾವು ಇನ್ನೂ ಮಾಡಿಲ್ಲ ಎಂಬುದೇ ನನ್ನ ದೂರು.

ಬಿಎಂಟಿಸಿಯ ಬಳಿ ಇರುವ ಬಸ್ಸುಗಳು ಸುಮಾರು 7,000. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಅವುಗಳಲ್ಲಿ ಓಡಾಡುತ್ತಾರೆ. ಭಾನುವಾರ ಮತ್ತು ರಜಾದಿನ ಬಂತೆಂದರೆ ಡಿಪೊಗಳಿಂದ ಹೊರಬೀಳುವ ಷೆಡ್ಯೂಲುಗಳ ಸಂಖ್ಯೆ ಇಳಿಯುತ್ತದೆ. ಸ್ಟಾಪಿನಲ್ಲಿ ಕಾಯುವವರಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ‘ಇವತ್ತು ಭಾನುವಾರ ಅಲ್ವಾ, ಗಾಡಿ ಕಮ್ಮಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾಗುತ್ತಾರೆ. ಮಳೆ ಬಂತು ಎನ್ನುವ ಹಾಗೆ ಹೇಳುತ್ತಾರೆ. ಮಳೆಯನ್ನು ಯಾರೂ ತೀರ್ಮಾನಿಸುವುದಿಲ್ಲ, ಬಸ್ಸನ್ನು ತೀರ್ಮಾನಿಸುತ್ತಾರೆ.

ಈ ಪದ್ಧತಿಗೆ ಕಾರಣ ಇಲ್ಲದಿಲ್ಲ. ಹಿರಿಯರು ಇಂದಿಗೂ ಬಿಟಿಎಸ್ ಎಂದೇ ಕರೆಯುವ ನಗರ ಸಾರಿಗೆ ಬೆಳೆದದ್ದು ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಬೆಂಗಳೂರಿನಲ್ಲಿ. ಸೈರನ್ ಕೂಗಿದಾಗ ಪಾಳಿ ಬದಲಾಗುತ್ತಿತ್ತು, ಭಾನುವಾರ ಬಂದರೆ ಕಾರ್ಖಾನೆ, ಕಚೇರಿ, ಶಾಲೆ ಎಲ್ಲಕ್ಕೂ ಒಟ್ಟಿಗೇ ರಜೆ. ಅಂಗಡಿ ಬೀದಿಗಳಲ್ಲೂ ವಾರಕ್ಕೊಂದು ದಿನ ಬಾಗಿಲು ಎಳೆಯುತ್ತಿದ್ದರು. ಇಡೀ ಊರು ಒಂದೇ ದಿನ ವಿಶ್ರಾಂತಿ ಪಡೆಯುತ್ತಿದ್ದಾಗ ಬಸ್ಸೂ ಅಂದೇ ಕಡಿಮೆಯಾದರೆ ಯಾರಿಗೂ ಅಷ್ಟಾಗಿ ತಟ್ಟುತ್ತಿರಲಿಲ್ಲ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆಯಾಗಿ ಬಿಎಂಟಿಸಿ ಹುಟ್ಟಿತು. ಊರಿನ ದುಡಿಮೆಯ ರೀತಿ ಬದಲಾಗತೊಡಗಿದ್ದೂ ಸುಮಾರು ಆ ಕಾಲದಲ್ಲೇ. ಭಾನುವಾರದ ಲೆಕ್ಕ ಮಾತ್ರ ಹಳೆಯದೇ ಉಳಿಯಿತು.

ಈಗಿನ ಬೆಂಗಳೂರಿನಲ್ಲಿ ಭಾನುವಾರ ಯಾರ್‍ಯಾರು ದುಡಿಯುತ್ತಾರೆ, ನೋಡಿ. ಮಾಲ್‌ಗಳಲ್ಲಿ ಬಟ್ಟೆ ಮಡಿಸುವವರು, ಬಿಲ್ಲು ಹಾಕುವವರು, ಶೌಚಾಲಯ ತೊಳೆಯುವವರು: ಇವರಿಗೆಲ್ಲ ಭಾನುವಾರವೇ ಅತಿ ಹೆಚ್ಚು ಕೆಲಸ. ಅಂದು ರಜೆ ಕೇಳಲೂ ಆಗದು. ದರ್ಶಿನಿಗಳ ಅಡುಗೆಯವರು ಬೆಳಿಗ್ಗೆ ಐದಕ್ಕೇ ಇಡ್ಲಿ ಇಡಬೇಕು. ಆಸ್ಪತ್ರೆಗಳಲ್ಲಿ ದಾದಿಯರ ಪಾಳಿ ಬದಲಾಗುವುದು ವಾರ ನೋಡಿ ಅಲ್ಲ. ವಿಕ್ಟೋರಿಯಾ, ವಾಣಿ ವಿಲಾಸ, ಬೌರಿಂಗ್, ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ಯಾವುದನ್ನೇ ತೆಗೆದುಕೊಳ್ಳಿ, ಒಳರೋಗಿಗಳನ್ನು ನೋಡಲು ನೆಂಟರಿಷ್ಟರು ಬರುವುದು ಕೆಲಸಕ್ಕೆ ಬಿಡುವಿರುವ ದಿನ. ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರು, ಮನೆಗೆಲಸದ ಹೆಣ್ಣುಮಕ್ಕಳು, ಕಲ್ಯಾಣ ಮಂಟಪಗಳಲ್ಲಿ ಬಡಿಸುವವರು, ಓಲಗದವರು, ಕೆ.ಆರ್. ಮಾರುಕಟ್ಟೆಯಿಂದ ಹೂವಿನ ಮೂಟೆ ಹೊತ್ತು ಬಡಾವಣೆ ಸೇರುವ ಮಾರಾಟಗಾರ್ತಿಯರು — ಇವರಾರ ಕ್ಯಾಲೆಂಡರಿನಲ್ಲೂ ಭಾನುವಾರ ಕೆಂಪು ಅಕ್ಷರದ ದಿನವಲ್ಲ.

ಇದನ್ನು ಸರ್ಕಾರವೇ ಒಪ್ಪಿಕೊಂಡಿದೆ. 10 ಅಥವಾ ಹೆಚ್ಚು ನೌಕರರಿರುವ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ವರ್ಷದ 365 ದಿನವೂ ದಿನದ 24 ಗಂಟೆಯೂ ತೆರೆದಿರಬಹುದು ಎಂದು 2021ರ ಜನವರಿಯಲ್ಲಿ ಆದೇಶ ಹೊರಟಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹೋಟೆಲ್, ಬಾರ್‌ಗಳ ವಹಿವಾಟನ್ನು ರಾತ್ರಿ ಒಂದರವರೆಗೆ ವಿಸ್ತರಿಸಲಾಯಿತು. ವ್ಯಾಪಾರಕ್ಕೆ ಸಮಯ ಕೊಟ್ಟದ್ದು ಸರಿ. ಆ ಸಮಯದಲ್ಲಿ ತಟ್ಟೆ ಎತ್ತುವ, ನೆಲ ಒರೆಸುವ ಜನ ಮನೆ ಸೇರುವುದು ಹೇಗೆ ಎಂಬ ಪ್ರಶ್ನೆಗೆ ಸಾರಿಗೆ ಇಲಾಖೆಯಿಂದ ಅದೇ ಉಸಿರಿನಲ್ಲಿ ಉತ್ತರ ಬರಬೇಕಿತ್ತು. ಶನಿವಾರ ರಾತ್ರಿ ಒಂದಕ್ಕೆ ಕೆಲಸ ಮುಗಿಸಿದವನಿಗೆ ಮುಂದಿನ ಮೆಟ್ರೊ ಭಾನುವಾರ ಏಳಕ್ಕೆ.

ಡಿಪೊ ಒಳಗಿನ ಲೆಕ್ಕವನ್ನೂ ತಿಳಿಯೋಣ. ಒಂದು ಬಸ್ಸು ದಿನವಿಡೀ ಮಾಡಬೇಕಾದ ಟ್ರಿಪ್ಪುಗಳ ಸರಪಳಿಯೇ ಷೆಡ್ಯೂಲು. ಅದಕ್ಕೊಂದು ಸಂಖ್ಯೆ, ಬೆಳಗಿನ ಪಾಳಿಗೊಬ್ಬ, ಮಧ್ಯಾಹ್ನದ ಪಾಳಿಗೊಬ್ಬ ಚಾಲಕ, ಹಾಗೆಯೇ ನಿರ್ವಾಹಕರು. ಇವರಿಗೆಲ್ಲ ವಾರದ ರಜೆ ಕೊಡಲೇಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಮತ್ತು ವಾರಕ್ಕೊಂದು ದಿನದ ವಿಶ್ರಾಂತಿಯನ್ನು ಗೊತ್ತುಮಾಡಿತ್ತು. ವಾರದ ಬೇರೆ ಬೇರೆ ದಿನ ಬೇರೆ ಬೇರೆಯವರಿಗೆ ರಜೆ ಕೊಡಬೇಕಾದರೆ ಅವರ ಬದಲಿಗೆ ಕೆಲಸ ಮಾಡಲು ಹೆಚ್ಚುವರಿ ಸಿಬ್ಬಂದಿ ಬೇಕು. ಭಾನುವಾರ ಷೆಡ್ಯೂಲುಗಳನ್ನೇ ಇಳಿಸಿ ಅಷ್ಟೂ ಜನಕ್ಕೆ ಒಟ್ಟಿಗೆ ರಜೆ ಕೊಟ್ಟರೆ ಆ ಹೆಚ್ಚುವರಿ ಜನರ ಸಂಬಳ ಉಳಿಯುತ್ತದೆ. ನಿಂತ ಬಸ್ಸುಗಳ ರಿಪೇರಿಗೂ ಬಿಡುವು ಸಿಗುತ್ತದೆ. ಐಟಿ ಕಚೇರಿಗಳಿಗೆ ರಜೆ ಇರುವ ದಿನ ಹೊರವರ್ತುಲ ರಸ್ತೆಯ 500-ಡಿ, ವೈಟ್‌ಫೀಲ್ಡ್ ಕಡೆಯ 335-ಇ ಬಸ್ಸುಗಳಲ್ಲಿ ಕಚೇರಿ ಹೊತ್ತಿನ ರಶ್ಶು ಇರುವುದಿಲ್ಲ ಎಂಬುದೂ ನಿಜವೇ.

ಇದರ ಮೇಲೆ ಕಲೆಕ್ಷನ್ನಿನ ಲೆಕ್ಕ. ಪ್ರತಿ ಕಿಲೋಮೀಟರಿಗೆ ಎಷ್ಟು ಆದಾಯ ಬಂತು ಎಂಬುದು ಸಾರಿಗೆ ನಿಗಮಗಳಲ್ಲಿ ಎಲ್ಲದಕ್ಕೂ ಅಳತೆಗೋಲು. ಭಾನುವಾರ ಅದು ಇಳಿದರೆ ಟ್ರಿಪ್ಪು ಕಡಿತ. ಟ್ರಿಪ್ಪು ಕಡಿತವಾದ ಮಾರ್ಗದಲ್ಲಿ ಮುಂದಿನ ಭಾನುವಾರ ಜನ ಕಾಯುವುದಿಲ್ಲ. ಆಟೊ ಹಿಡಿಯುತ್ತಾರೆ, ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾರೆ, ಇಲ್ಲವೇ ಹೊರಡುವುದನ್ನೇ ಬಿಡುತ್ತಾರೆ. ಆಗ ಆದಾಯ ಇನ್ನಷ್ಟು ಇಳಿಯುತ್ತದೆ. ಬಸ್ಸು ಬಾರದ ಸ್ಟಾಪಿನಲ್ಲಿ ಎಷ್ಟು ಜನ ಕಾದು ವಾಪಸು ಹೋದರು ಎಂಬುದು ಯಾವ ಟಿಕೆಟ್ ಯಂತ್ರದಲ್ಲೂ ದಾಖಲಾಗುವುದಿಲ್ಲ. ಆ ಜನ ಲೆಕ್ಕಕ್ಕೇ ಬರುವುದಿಲ್ಲ. ಬೇಡಿಕೆ ಇಲ್ಲ ಎಂಬ ತೀರ್ಮಾನ ನಿಂತಿರುವುದು ಇಂಥ ಲೆಕ್ಕದ ಮೇಲೆ.

ಕಡಿತ ಎಲ್ಲ ಕಡೆ ಒಂದೇ ರೀತಿ ತಟ್ಟುವುದಿಲ್ಲ. ಹತ್ತು ನಿಮಿಷಕ್ಕೊಂದು ಬಸ್ಸು ಬರುವ ಮುಖ್ಯರಸ್ತೆಯಲ್ಲಿ ಮೂರರಲ್ಲಿ ಒಂದು ಬಸ್ಸು ಕಳೆದರೆ ಹದಿನೈದು ನಿಮಿಷಕ್ಕೊಂದು ಬರುತ್ತದೆ. ಸಹಿಸಬಹುದು. ತಾವರೆಕೆರೆ, ಕಗ್ಗಲೀಪುರ, ಆನೇಕಲ್, ಸರ್ಜಾಪುರ ಕಡೆಯ ಒಳಹಳ್ಳಿಗಳಿಗೆ, ಊರಂಚಿನ ಹೊಸ ಬಡಾವಣೆಗಳಿಗೆ ಗಂಟೆಗೊಂದು ಬರುವ ಬಸ್ಸಿನಲ್ಲಿ ಒಂದು ಟ್ರಿಪ್ಪು ತಪ್ಪಿದರೆ ಎರಡು ಗಂಟೆ ಹೋಯಿತು. ತಪ್ಪಿದ್ದು ರಾತ್ರಿಯ ಕೊನೆಯ ಟ್ರಿಪ್ಪಾದರೆ ಮನೆಗೆ ದಾರಿಯೇ ಇಲ್ಲ. ಕಡಿಮೆ ಬಾಡಿಗೆಯ ಮನೆ ಹುಡುಕಿಕೊಂಡು ಊರಂಚಿಗೆ ಹೋದವರೇ ಭಾನುವಾರ ದುಡಿಯಲು ಊರೊಳಗೆ ಬರುವವರು. ಶೇಕಡಾವಾರು ಕಡಿತದ ಪೂರ್ತಿ ಭಾರ ಅವರ ತಲೆಯ ಮೇಲೆ ಬೀಳುತ್ತದೆ.

ಆ ಭಾರ ರೂಪಾಯಿಯಲ್ಲಿ ಎಷ್ಟು? 2025ರ ಆಗಸ್ಟ್‌ನಿಂದ ಬೆಂಗಳೂರಿನ ಆಟೊ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18 ರೂಪಾಯಿ. 12 ಕಿ.ಮೀ. ದೂರಕ್ಕೆ ಮೀಟರಿನ ಪ್ರಕಾರವೇ 216 ರೂಪಾಯಿ ಆಗುತ್ತದೆ. ಭಾನುವಾರ ರಾತ್ರಿ ಮೀಟರಿಗೆ ಬರುವ ಆಟೊ ಸಿಕ್ಕರೆ ಅದು ಅದೃಷ್ಟ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಇಡೀ ದಿನ ಓಡಾಡುವ ಪಾಸಿಗೆ 2025ರ ಜನವರಿಯ ದರ ಏರಿಕೆಯ ನಂತರವೂ 80 ರೂಪಾಯಿ. ಹೆಣ್ಣುಮಕ್ಕಳಿಗಂತೂ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ. ಆದರೆ ಬಸ್ಸೇ ಬಾರದ ದಿನ ಆ ಉಚಿತ ಟಿಕೆಟ್ಟಿಗೆ ಬೆಲೆ ಏನು? ಒಂದು ದಿನದ ಕೂಲಿಯ ದೊಡ್ಡ ಪಾಲು ಒಂದು ಸಲದ ಆಟೊಗೆ ಹೋಗುತ್ತದೆ.

ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ಅಂದು ಭಾನುವಾರ. ಅದರ ನಂತರದ ಭಾನುವಾರಗಳಲ್ಲಿ ರಾಜ್ಯದ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಎಷ್ಟು ಉತ್ಸಾಹದಿಂದ ಓಡಾಡಿದರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರನ್ನೇ ತೆಗೆದುಕೊಳ್ಳಿ. ವಾರದಲ್ಲಿ ಆರು ದಿನ ಮಷಿನ್ನಿನ ಮುಂದೆ ಕೂರುವ ಈ ಹೆಣ್ಣುಮಕ್ಕಳಿಗೆ ಉಳಿಯುವುದು ಭಾನುವಾರವೊಂದೇ. ತಂಗಿಯ ಮನೆಗೆ ಹೋಗಬೇಕು, ಹಾಸ್ಟೆಲ್ಲಿನಲ್ಲಿರುವ ಮಗನನ್ನು ನೋಡಬೇಕು, ಮಾರುಕಟ್ಟೆಯಲ್ಲಿ ನಾಲ್ಕು ಕಾಸು ಕಡಿಮೆಗೆ ದಿನಸಿ ತರಬೇಕು, ಮಕ್ಕಳನ್ನು ಲಾಲ್‌ಬಾಗಿಗೋ ಬನ್ನೇರುಘಟ್ಟಕ್ಕೋ ಕರೆದೊಯ್ಯಬೇಕು. ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೆ ಹೋಗುವ 365ನೇ ನಂಬರಿನ ಬಸ್ಸನ್ನು ಭಾನುವಾರ ಹತ್ತಿ ನೋಡಿದವರಿಗೆ ಗೊತ್ತು: ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಬುತ್ತಿಯ ಚೀಲ ಹಿಡಿದು, ಕಂಬಕ್ಕೆ ಆತು ನಿಂತ ತಾಯಂದಿರು, ಅವರ ಸೀರೆ ಹಿಡಿದುಕೊಂಡು ‘ಹುಲಿ ಎಷ್ಟೊತ್ತಿಗೆ ಮಲಗತ್ತೆ?’ ಎಂದು ಕೇಳುತ್ತಿರುವ ದೊಡ್ಡ ಮಗು; ‘ಒಳಗೆ ಹೋಗ್ರಮ್ಮಾ, ಒಳಗೆ ಹೋಗ್ರಮ್ಮಾ’ ಎನ್ನುತ್ತ ಚೀಟಿ ಹರಿಯುವ ನಿರ್ವಾಹಕ. ಜಯದೇವ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರ ಬಸ್ಸಿಗೆ ಜನ ಇಲ್ಲ ಎಂಬ ಮಾತನ್ನು ಆ ತಾಯಂದಿರ ಮುಂದೆ ಯಾರೂ ಹೇಳಲಾರರು.

ಇಲ್ಲಿಯೇ ಒಂದು ಅವಕಾಶವೂ ಇದೆ. ಶಕ್ತಿ ಯೋಜನೆಯ ಪ್ರತಿ ಪ್ರಯಾಣಕ್ಕೂ ನಿರ್ವಾಹಕರು ಶೂನ್ಯ ಟಿಕೆಟ್ ಕೊಡಬೇಕು. ಸರ್ಕಾರದಿಂದ ನಿಗಮಕ್ಕೆ ಹಣ ಬರುವುದು ಅದರ ಮೊತ್ತದ ಮೇಲೆ. ಹಾಗಾಗಿ ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಎಷ್ಟು ಮಹಿಳೆಯರು ಹೋದರು ಎಂಬ ವಿವರ ಟಿಕೆಟ್ ಯಂತ್ರದಲ್ಲಿ ಕೂಡಿಬೀಳುತ್ತಿದೆ. ಪಾಸು ತೋರಿಸಿ ಹೋದವರ ವಿಷಯದಲ್ಲಿ ಇಂಥ ವಿವರ ಸಿಗುತ್ತಿರಲಿಲ್ಲ. ಈ ಮಾಹಿತಿಯನ್ನು ಮುಂದಿಟ್ಟುಕೊಂಡು ಭಾನುವಾರದ ಪಟ್ಟಿಯನ್ನು ಹೊಸದಾಗಿ ಬರೆಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬೇಕಾಗಿರುವುದು ಡಿಪೊ ಮಟ್ಟದಲ್ಲಿ ಕುಳಿತು ನೋಡುವ ತಾಳ್ಮೆ.

ರಜಾದಿನಗಳ ಕಥೆ ಭಾನುವಾರಕ್ಕಿಂತ ಗೋಜಲು. ವರ್ಷಕ್ಕೆ 52 ಭಾನುವಾರ. ಎರಡನೇ ಮತ್ತು ನಾಲ್ಕನೇ ಶನಿವಾರಗಳು 24. ರಾಜ್ಯ ಸರ್ಕಾರಿ ನೌಕರರಿಗೆ ನಾಲ್ಕನೇ ಶನಿವಾರದ ರಜೆ ಬಂದದ್ದು 2019ರಲ್ಲಿ. ಸಾರ್ವತ್ರಿಕ ರಜೆಗಳು ಸುಮಾರು 20. ಒಟ್ಟು 95ರ ಆಸುಪಾಸು, ಅಂದರೆ ವರ್ಷದ ನಾಲ್ಕನೇ ಒಂದು ಪಾಲು. ಇಷ್ಟು ದಿನಗಳನ್ನು ಬಿಡಿ ದಿನಗಳೆಂದು ಪಕ್ಕಕ್ಕಿಡಲು ಬರುವುದಿಲ್ಲ. ಮೇಲಾಗಿ ಆಗಸ್ಟ್ 15, ಜನವರಿ 26 ಬಂತೆಂದರೆ ಫಲಪುಷ್ಪ ಪ್ರದರ್ಶನಕ್ಕೆ ಊರಿಗೆ ಊರೇ ಲಾಲ್‌ಬಾಗಿನ ಕಡೆ ತಿರುಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೆಜ್ಜೆ ಇಡಲಾಗದು. ಕಡೆಯ ಕಾರ್ತಿಕ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಜನ ಓಡಾಡುವುದು ಪಂಚಾಂಗ ನೋಡಿ. ಬಸ್ಸಿನ ಪಟ್ಟಿಯೂ ಅದನ್ನು ನೋಡಬೇಕು. ವಿಶೇಷ ಬಸ್ಸುಗಳನ್ನು ಬಿಡುವುದಿಲ್ಲವೆಂದಲ್ಲ. ಆದರೆ ಅವು ಮೆಜೆಸ್ಟಿಕ್, ಮಾರುಕಟ್ಟೆ, ಶಿವಾಜಿನಗರಗಳಿಂದ ಹೊರಡುತ್ತವೆ. ಅಲ್ಲಿಯವರೆಗೆ ಬರುವುದೇ ಊರಂಚಿನವರ ಕಷ್ಟ.

ಹಬ್ಬದ ಸಾಲುರಜೆಗೆ ಊರಿಗೆ ಹೋಗುವವರ ನೂಕುನುಗ್ಗಲು ಹೆಚ್ಚಿದಾಗ ನಗರದ ಬಸ್ಸುಗಳನ್ನು ದೂರದ ಊರುಗಳಿಗೂ ಓಡಿಸುವುದುಂಟು. ಚುನಾವಣೆ ಬಂದರೆ ಮತಯಂತ್ರ, ಸಿಬ್ಬಂದಿ ಸಾಗಿಸಲು ಬಸ್ಸುಗಳು ಹೋಗುತ್ತವೆ. 2023ರ ಮೇ 10ರ ವಿಧಾನಸಭಾ ಚುನಾವಣೆ, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆ, ಎರಡರಲ್ಲೂ ಹಿಂದಿನ ದಿನದಿಂದಲೇ ನಿಲ್ದಾಣಗಳಲ್ಲಿ ಜನ ಪರದಾಡಿದರು. ಚುನಾವಣೆಗೆ ಬಸ್ಸು ಬೇಕು, ತಕರಾರಿಲ್ಲ. ಆದರೆ ಮತಗಟ್ಟೆಗೆ ಹೋಗಬೇಕಾದ ಬಡ ಮತದಾರನಿಗೂ ಅದೇ ಬಸ್ಸು ಬೇಕು.

ನನಗೆ ಅತಿ ಹೆಚ್ಚು ನೋವು ಕೊಡುವುದು ಕಡಿತವಲ್ಲ, ಅದನ್ನು ಹೇಳದೆ ಮಾಡುವುದು. ಲಂಡನ್ನಿನ ಬಸ್ ಸ್ಟಾಪಿನಲ್ಲಿ ಸೋಮವಾರದಿಂದ ಶುಕ್ರವಾರ, ಶನಿವಾರ, ಭಾನುವಾರ ಎಂದು ಬೇರೆ ಬೇರೆ ವೇಳಾಪಟ್ಟಿ ಹಚ್ಚಿರುತ್ತಾರೆ. ಅಲ್ಲಿಯೂ ಭಾನುವಾರ ಬಸ್ಸು ಕಡಿಮೆಯೇ. ಕ್ರಿಸ್‌ಮಸ್ ದಿನವಂತೂ ನಗರದ ಬಸ್ಸೂ ಇಲ್ಲ, ರೈಲೂ ಇಲ್ಲ. ಆದರೆ ಅದು ಪ್ರಯಾಣಿಕನಿಗೆ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ‘ನಮ್ಮ ಬಿಎಂಟಿಸಿ’ ಆ್ಯಪ್ ಬಂದ ಮೇಲೆ ಓಡುತ್ತಿರುವ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು. ನಿಜಕ್ಕೂ ಉಪಯುಕ್ತ. ಓಡದಿರುವ ಬಸ್ಸಿನ ವಿಷಯ ಅದರಿಂದ ತಿಳಿಯುವುದು ಕಷ್ಟ. ಕೈಯಲ್ಲಿ ಬಟನ್ ಫೋನು ಹಿಡಿದು, ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ಕುಳಿತ ಅಜ್ಜಿಗೆ ಆ್ಯಪಿನಿಂದ ಪ್ರಯೋಜನವಿಲ್ಲ. ‘ಭಾನುವಾರ ಮತ್ತು ರಜಾದಿನಗಳಲ್ಲಿ ಈ ಮಾರ್ಗದ ಮೊದಲ ಬಸ್ಸು ಇಷ್ಟಕ್ಕೆ, ಕೊನೆಯ ಬಸ್ಸು ಇಷ್ಟಕ್ಕೆ, ನಡುವೆ ಇಷ್ಟು ನಿಮಿಷಕ್ಕೊಂದು’ — ಇಷ್ಟನ್ನು ತಗಡಿನ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ಸ್ಟಾಪಿಗೆ ಹಾಕಿದರೆ ಅರ್ಧ ಸಂಕಟ ಪರಿಹಾರವಾದಂತೆ. ಗೊತ್ತಿದ್ದರೆ ಜನ ಹೊಂದಿಕೊಳ್ಳುತ್ತಾರೆ.

ಇದನ್ನೆಲ್ಲ ಓದಿ ಚಾಲಕ, ನಿರ್ವಾಹಕರ ಮೇಲೆ ಯಾರೂ ಸಿಟ್ಟಾಗಬಾರದು. ಬೆಳಗಿನ ಜಾವ ನಾಲ್ಕಕ್ಕೆದ್ದು ಡಿಪೊಗೆ ಹೋಗುವ, ಊರಂಚಿನ ನೈಟ್ ಹಾಲ್ಟ್‌ಗಳಲ್ಲಿ ಬಸ್ಸಿನಲ್ಲೇ ಮಲಗಿ ಮೊದಲ ಟ್ರಿಪ್ಪು ಹೊರಡಿಸುವ ಇವರಿಗೂ ಹೆಂಡತಿ ಮಕ್ಕಳ ಜೊತೆ ಕಳೆಯಲು ಭಾನುವಾರ ಬೇಕು. ಹಬ್ಬದ ದಿನ ಪಾಳಿ ಬಿದ್ದಾಗ ಒಬ್ಬಟ್ಟಿನ ಡಬ್ಬಿ ಕಟ್ಟಿಸಿಕೊಂಡು ಬರುವವರು ಇವರು. ಭಾನುವಾರದ ಬಸ್ಸು ಹೆಚ್ಚಬೇಕಾದರೆ ಜನ ಹೆಚ್ಚಬೇಕು. ಇರುವವರ ವಾರದ ರಜೆ ಕಿತ್ತು, ಡಬಲ್ ಡ್ಯೂಟಿ ಮಾಡಿಸಿ ಬಸ್ಸು ಓಡಿಸುವುದಾದರೆ ಅದು ಬೇಡವೇ ಬೇಡ. ಎರಡು ಮೂರು ವಾರಕ್ಕೊಮ್ಮೆಯಾದರೂ ಪ್ರತಿಯೊಬ್ಬರಿಗೂ ಭಾನುವಾರದ ರಜೆ ಬರುವಂತೆ ಸರದಿ ಹಾಕುವುದು, ಭಾನುವಾರ ದುಡಿದವರಿಗೆ ಹೆಚ್ಚುವರಿ ಭತ್ಯೆ ಕೊಡುವುದು ನ್ಯಾಯ.

ಇನ್ನೊಂದು ಸಂಗತಿಯನ್ನು ನಿಗಮದ ಹಣಕಾಸಿನವರೇ ಗಮನಿಸಬೇಕು. ನಗರಕ್ಕೆ ಬರುತ್ತಿರುವ ವಿದ್ಯುತ್ ಬಸ್ಸುಗಳಲ್ಲಿ ಬಹಳಷ್ಟು ಗುತ್ತಿಗೆಯವು. ಬಸ್ಸು, ಚಾಲಕ ಕಂಪನಿಯವರು, ನಿರ್ವಾಹಕ ಬಿಎಂಟಿಸಿಯವರು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಹಣ. ಇಂಥ ಒಪ್ಪಂದಗಳಲ್ಲಿ ಇಷ್ಟು ಕಿಲೋಮೀಟರ್ ಓಡಿಸಿಯೇ ತೀರುತ್ತೇವೆ ಎಂಬ ಖಾತರಿ ಇರುತ್ತದೆ. ಓಡಿಸದಿದ್ದರೂ ಒಂದು ಪಾಲು ಹಣ ಕೊಡಬೇಕಾಗುತ್ತದೆ. ಸ್ವಂತ ಡೀಸೆಲ್ ಬಸ್ಸನ್ನು ಭಾನುವಾರ ನಿಲ್ಲಿಸಿ ಉಳಿಸುತ್ತಿದ್ದಷ್ಟು ಹಣ ಗುತ್ತಿಗೆಯ ಬಸ್ಸು ನಿಲ್ಲಿಸಿದರೆ ಉಳಿಯದು. ಹೇಗೂ ಹಣ ಕಟ್ಟಬೇಕಾದ ಬಸ್ಸನ್ನು ಡಿಪೊದಲ್ಲಿ ನಿಲ್ಲಿಸುವ ಬದಲು ಆಸ್ಪತ್ರೆಯ ದಾರಿಗೆ ಬಿಡುವುದು ಲೇಸು.

ವಾರದ ದಿನದ ಪಟ್ಟಿಯನ್ನೇ ಭಾನುವಾರವೂ ಪೂರ್ತಿ ಓಡಿಸಿ ಎಂದು ನಾನು ಕೇಳುತ್ತಿಲ್ಲ. ಖಾಲಿ ಬಸ್ಸು ಯಾರಿಗೂ ಬೇಡ. ಭಾನುವಾರಕ್ಕೆ ಅದರದೇ ಪಟ್ಟಿ ಇರಲಿ ಎಂಬುದಷ್ಟೇ ಬೇಡಿಕೆ. ಹೊರವರ್ತುಲ ರಸ್ತೆಯಲ್ಲಿ ಅಂದು ಬಿಡುವಾಗುವ ಬಸ್ಸುಗಳು ಮಾರುಕಟ್ಟೆ, ಆಸ್ಪತ್ರೆ, ಉದ್ಯಾನ, ಕಲ್ಯಾಣ ಮಂಟಪಗಳಿರುವ ದಾರಿ ಹಿಡಿಯಲಿ. ದೊಡ್ಡ ಪರೀಕ್ಷೆ ಇರುವ ಭಾನುವಾರದ ಕೇಂದ್ರಗಳ ಪಟ್ಟಿ ವಾರಗಳ ಮೊದಲೇ ಸಿದ್ಧವಿರುತ್ತದೆ. ಅದು ಬಿಎಂಟಿಸಿಗೂ ತಲುಪಲಿ, ಮೆಜೆಸ್ಟಿಕ್‌ನಿಂದ ಬೆಳಿಗ್ಗೆ ಆರಕ್ಕೆ ಆ ಕಡೆಗೆ ಬಸ್ಸು ಹೊರಡಲಿ. ಮೆಟ್ರೊ ಏಳಕ್ಕೇ ಶುರುವಾಗುವುದಾದರೆ ಐದರಿಂದ ಏಳರವರೆಗೆ ಮೆಟ್ರೊ ದಾರಿಯುದ್ದಕ್ಕೂ ಬಸ್ಸು ಓಡಲಿ. ಊರಂಚಿನ ಮಾರ್ಗಗಳಲ್ಲಿ ಮೊದಲ ಮತ್ತು ಕೊನೆಯ ಟ್ರಿಪ್ಪುಗಳನ್ನು ಯಾವ ಕಾರಣಕ್ಕೂ ಕೈಬಿಡಕೂಡದು. ಕಡಿತ ಅನಿವಾರ್ಯವೆಂದರೆ ಹತ್ತು ನಿಮಿಷಕ್ಕೊಂದು ಬಸ್ಸಿರುವ ಕಡೆ ಮಾಡಲಿ. ಪ್ರಯಾಣಿಕರ ಪರವಾಗಿ ಹಲವು ವರ್ಷಗಳಿಂದ ದನಿ ಎತ್ತುತ್ತಿರುವ ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆಯಂಥ ಸಂಘಟನೆಗಳನ್ನು, ಗಾರ್ಮೆಂಟ್ಸ್ ಮತ್ತು ಮನೆಗೆಲಸದವರ ಸಂಘಗಳನ್ನು ಈ ಪಟ್ಟಿ ಬರೆಯುವಾಗ ಕೂರಿಸಿಕೊಳ್ಳಲಿ. ಭಾನುವಾರ ಎಲ್ಲಿ ಬಸ್ಸು ಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮುಂದಿನ ವರ್ಷದ ಸಾರ್ವತ್ರಿಕ ರಜಾದಿನಗಳ ಪಟ್ಟಿಯನ್ನು ರಾಜ್ಯ ಸರ್ಕಾರ ನವೆಂಬರ್ ಹೊತ್ತಿಗೆ ಪ್ರಕಟಿಸುತ್ತದೆ. ಆ ದಿನಗಳಂದು ಯಾವ ಮಾರ್ಗದಲ್ಲಿ ಎಷ್ಟು ಬಸ್ಸು, ಮೊದಲನೆಯದು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ ಎಂಬ ಪಟ್ಟಿಯನ್ನೂ ಬಿಎಂಟಿಸಿ ಈ ಸಲ ಅದರ ಜೊತೆಗೇ ಪ್ರಕಟಿಸಲಿ.